ಬೆಟ್ಟಕ್ಕೊಂದು ಬೆನ್ನುಚೀಲ

ಜಿಪ್ಪು ಬಾಯಿ ಬಿಟ್ಟುಕೊಂಡು ನಿಲ್ಲಬಹುದಿತ್ತು. ಹೆಗಲಪಟ್ಟಿ ಅರ್ಧ ಬಂಡೆಯಲ್ಲಿ ಕಿತ್ತು ಬರಬಹುದಿತ್ತು. ಕಿತ್ತು ಬಂದ ಚೀಲ ಉರುಳಿಕೊಂಡು ಹೋಗಿ ಕೆಳಗೆ ಮೇಯುತ್ತಿದ್ದ ಯಾರದೋ ಮೇಕೆಯ ಮೇಲೆ ಬಿದ್ದು, ಮೇಕೆಯ ಯಜಮಾನರು ಬೆಟ್ಟದ ಬುಡದಲ್ಲಿ ನಮಗಾಗಿ ಕಾದು ಕೂತಿರಬಹುದಿತ್ತು. ನೀರಿನ ಬಾಟಲಿಯ ಮುಚ್ಚಳ ಸಡಿಲವಾಗಿ ಚಿತ್ರಾನ್ನ ಗಂಜಿಯಾಗಬಹುದಿತ್ತು. ಕೋತಿ ಬರಬಹುದಿತ್ತು, ಬಂದ ಕೋತಿಗೆ ಜಿಪ್ಪು ತೆಗೆಯುವುದು ಗೊತ್ತಿರಬಹುದಿತ್ತು. ಹೆಜ್ಜೇನು ಏಳಬಹುದಿತ್ತು. ಮಳೆ ಬರಬಹುದಿತ್ತು; ಮಳೆ ಬಾರದೆ ಬರೀ ಬಿಸಿಲೇ ಹೊಡೆದು ಬಂಡೆ ಕಾದ ಕಾವಲಿಯಾಗಬಹುದಿತ್ತು. ಚಿರತೆಯ ವಿಷಯ ನಾನು ಎತ್ತುವುದಿಲ್ಲ, ಎತ್ತಿದರೆ ಮನೆಯಲ್ಲಿ ನಗುತ್ತಾರೆ. ಆದರೆ ನಕ್ಕವರನ್ನು ನೋಡಿ ಚಿರತೆ ಹಿಂದಕ್ಕೆ ಹೋಗುವುದಿಲ್ಲವಲ್ಲ. ಇನ್ನು ಅಕ್ಕನ ಸೊಂಟದೊಳಗೆ ಡಾಕ್ಟರು ಕೂರಿಸಿರುವ ಸ್ಟೀಲಿನ ಸರಳು. ಪಟ್ಟಿ ಮಾಡುವಾಗ ಅದನ್ನು ಎಲ್ಲಕ್ಕಿಂತ ಕೊನೆಗೆ ಇಡುತ್ತಿದ್ದೆ. ಎದೆಗೆ ಬರುತ್ತಿದ್ದದ್ದು ಎಲ್ಲಕ್ಕಿಂತ ಮೊದಲು.

ಇವುಗಳಲ್ಲಿ ಒಂದೂ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದರೆ, ಎಲ್ಲವನ್ನೂ ನಾನು ಮೊದಲೇ ಯೋಚಿಸಿ ಮುಗಿಸಿದ್ದೆ. ಐವತ್ತು ದಾಟಿದ ಮೇಲೆ ನನಗೆ ಖಾತ್ರಿಯಾಗಿರುವ ಸಂಗತಿಗಳು ಬಹಳ ಕಡಿಮೆ, ಅದರಲ್ಲಿ ಇದೊಂದು. ನಾನು ಕೂತು ಯೋಚಿಸಿದ ಅನಾಹುತ ಯಾವತ್ತೂ ಆಗುವುದಿಲ್ಲ. ಆದ್ದರಿಂದ ನನ್ನ ಚಿಂತೆಯನ್ನು ಮನೆಯವರು ರೋಗ ಎಂದುಕೊಂಡರೂ ನಾನು ಲೋಕೋಪಕಾರ ಎಂದೇ ತಿಳಿದಿದ್ದೇನೆ.

ನನ್ನ ಹೊಟ್ಟೆಪಾಡೂ ಅದೇ ಆಗಿರುವುದು ದೈವಕೃಪೆ. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ನೀರೆತ್ತುವ ಪಂಪುಗಳ ಬಿಡಿಭಾಗಗಳು ತಯಾರಾಗುತ್ತವೆ. ತಯಾರಾದದ್ದು ನನ್ನ ಮೇಜಿಗೆ ಬರುತ್ತದೆ. ಅದು ಎಲ್ಲಿ ಸೀಳಬಹುದು, ಎಲ್ಲಿ ಸವೆಯಬಹುದು, ಯಾರ ಬೋರ್‌ವೆಲ್ಲಿನ ಆಳದಲ್ಲಿ ಯಾವ ನಡುಬೇಸಗೆಯಲ್ಲಿ ಕೈಕೊಡಬಹುದು ಎಂದು ಕಲ್ಪಿಸಿಕೊಂಡು, ಅನುಮಾನ ಬಂದದ್ದಕ್ಕೆ ಕೆಂಪು ಚೀಟಿ ಅಂಟಿಸಬೇಕು. ಹಗಲೆಲ್ಲ ಹೀಗೆ ಅಂಟಿಸಿದ ಕೈ ಮನೆಗೆ ಬಂದ ಮೇಲೆ ಸುಮ್ಮನಿರುತ್ತದೆಯೇ? ಕುಕ್ಕರಿನ ಗ್ಯಾಸ್ಕೆಟ್ಟು, ಫ್ಯಾನಿನ ಕೊಕ್ಕೆ, ಹಾಲಿನವನ ಕ್ಯಾನು, ಎಲ್ಲದರ ಮೇಲೂ ಕಣ್ಣು. "ಹೆಣ್ಣು ನೋಡೋಕೆ ಬಂದಾಗ ನನ್ನ ಬೆನ್ನಿಗೂ ಒಂದು ಚೀಟಿ ಅಂಟಿಸಿದ್ರೇನೋ, ನಾನು ತಿರುಗಿ ನೋಡ್ಲಿಲ್ಲ," ಎನ್ನುತ್ತಾಳೆ ನನ್ನ ಹೆಂಡತಿ ಗಿರಿಜ. ಅವಳು ಗುಬ್ಬಿಯಲ್ಲಿ ಹೈಸ್ಕೂಲು ಟೀಚರು. ದಿನಾ ತುಮಕೂರಿನಿಂದ ರೈಲಿನಲ್ಲಿ ಹೋಗಿಬರುತ್ತಾಳೆ. ರೈಲು ತಡವಾದಾಗಲೆಲ್ಲ ನಾನು ಏನೇನು ಯೋಚಿಸುತ್ತೇನೆ ಎಂಬುದನ್ನು ಅವಳಿಗೆ ಹೇಳುವುದನ್ನು ಬಿಟ್ಟು ಬಹಳ ಕಾಲವಾಯಿತು.

ಇಂಥ ನನಗೆ ಒಂದು ಸಂಜೆ ಕುಣಿಗಲ್ಲಿನಿಂದ ಜಯಕ್ಕ ಫೋನ್ ಮಾಡಿದಳು. ಜಯಕ್ಕ ನನ್ನ ಒಡಹುಟ್ಟಿದ ಅಕ್ಕ, ಅಂಗನವಾಡಿ ಟೀಚರಾಗಿ ಅರ್ಧ ಕುಣಿಗಲ್ಲಿಗೆ ಅ ಆ ಇ ಈ ಕಲಿಸಿ ನಿವೃತ್ತಳಾದವಳು.

"ಲೋ, ನಾನು ಹುಲಿಯೂರುದುರ್ಗದ ಬೆಟ್ಟ ಹತ್ಬೇಕು. ನೀನು ಬರ್ಬೇಕು."

"ಯಾಕಕ್ಕ?"

"ಬೆಟ್ಟ ಹತ್ತೋರ್ನ ಯಾಕೆ ಅಂತ ಯಾರಾದ್ರೂ ಕೇಳ್ತಾರೇನೋ? ಚಿಕ್ಕೋಳಿದ್ದಾಗಿಂದ ಬಸ್ಸಲ್ಲಿ ಹೋಗ್ತಾ ನೋಡಿದೀನಿ. ಬೋರಲು ಹಾಕಿದ ಗುಡಾಣದಂಗೆ ಕೂತದೆ. ಒಂದ್ಸಲನಾದ್ರೂ ಮೇಲೆ ನಿಂತ್ಕೊಂಡು ನೋಡ್ಬೇಕು."

"ಅದಕ್ಕೆ ನಾನ್ಯಾಕೆ?"

"ನೀನೇನು ದೊಡ್ಡ ಬೆಟ್ಟ ಹತ್ತೋ ಗಂಡು ಅಂತಲ್ಲ ಬುಡು. ನೀನು ಹ್ಞೂಂ ಅಂದ್ರೆ ಮಂಜು ನನ್ನ ಕಳಿಸ್ತಾನೆ. 'ಮಾವ ಒಪ್ಕೊಂಡವ್ರೆ ಅಂದ್ರೆ ಅಲ್ಲಿ ಅಪಾಯ ಇರಕ್ಕಿಲ್ಲ' ಅಂತ ಅವ್ನಿಗೆ ನಂಬಿಕೆ."

ನನ್ನ ಹೇಡಿತನಕ್ಕೆ ಇಂಥದೊಂದು ಮಾರುಕಟ್ಟೆ ಇದೆಯೆಂದು ಅಂದಿನವರೆಗೂ ನನಗೆ ಗೊತ್ತಿರಲಿಲ್ಲ.

ಮಂಜು ಅಕ್ಕನ ಮಗ. ಅವನನ್ನು ಬೈಯುವಂತಿಲ್ಲ. ಎರಡು ವರ್ಷದ ಕೆಳಗೆ ಅಕ್ಕ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಪರೇಷನ್ ಆಯಿತು, ಸರಳು ಕೂತಿತು, ಮೂಳೆ ಕೂಡಿಕೊಂಡಿತು. "ಆರಾಮಾಗಿ ನಡೀರಿ, ಮೆಟ್ಟಿಲು ಹತ್ತಿ, ಬೆಟ್ಟ ಬೇಕಾದ್ರೂ ಹತ್ತಿ," ಎಂದು ಡಾಕ್ಟರು ಹೇಳಿದರು. ಮಗ ಮಾತ್ರ ಬಿಡಲಿಲ್ಲ. ಅಕ್ಕನ ಕೈಯಿಂದ ಬಿಂದಿಗೆ ಹೋಯಿತು, ತರಕಾರಿ ಚೀಲ ಹೋಯಿತು, ಕಡೆಗೆ ಪೊರಕೆಯೂ ಹೋಯಿತು. ಒಬ್ಬಳೇ ಬಸ್ಸು ಹತ್ತಕೂಡದೆಂದ. ಮೊದಲೆಲ್ಲ ಯಾವ ಮದುವೆಗೂ, ಯಾವ ಸಾವಿಗೂ, ಸುಮ್ಮನೆ ನಮ್ಮ ಮನೆಗೆ ಬಂದು ಒಂದು ಲೋಟ ಕಾಫಿ ಕುಡಿದು ಹೋಗುವುದಕ್ಕೂ ಕುಣಿಗಲ್ಲಿನಿಂದ ತುಮಕೂರಿಗೆ ತಾನೇ ಬಸ್ಸು ಹತ್ತುತ್ತಿದ್ದವಳು, ಈಗ ಮಗನ ಬೈಕು ಖಾಲಿ ಇರುವ ದಿನಕ್ಕಾಗಿ ಕಾಯುತ್ತಾಳೆ. ಸೊಂಟಕ್ಕೆ ಹಾಕಿದ ಬ್ಯಾಂಡೇಜು ಬಿಚ್ಚಿದರೂ ಮಗನ ಪ್ರೀತಿಯ ಬ್ಯಾಂಡೇಜು ಬಿಚ್ಚುವವರಿಲ್ಲ.

"ಬೆಟ್ಟ ಹತ್ತಿ ಇಳಿದು ಬಂದ್ಮೇಲೆ," ಎಂದಳು ಅಕ್ಕ, ದನಿ ಸ್ವಲ್ಪ ಇಳಿಸಿ, "ಒಬ್ಳೇ ಬಸ್ ಹತ್ಬೇಡ ಅಂತ ಯಾರಂತಾರೋ ನಾನೂ ನೋಡ್ತೀನಿ."

ನಾನು ಹ್ಞೂಂ ಅಂದೆ. ಅಂದ ತಕ್ಷಣ ಅದಕ್ಕೆ ಬೇಕಾದ ಬಂದೋಬಸ್ತು ಶುರುವಾಯಿತು. ಹೊರಬೇಕಾದ್ದನ್ನೆಲ್ಲ ಒಂದೇ ಚೀಲದಲ್ಲಿ ಹಾಕಿ ನಾನೇ ಹೊರಬೇಕು, ಬಂಡೆ ಹಿಡಿಯುವುದಕ್ಕೆ ನನ್ನ ಎರಡು ಕೈಯೂ ಬಿಡುವಾಗಿರಬೇಕು. ಅಂದರೆ ಬೆನ್ನಿಗೆ ಹಾಕುವ ಚೀಲವೇ ಆಗಬೇಕು. ಮತ್ತು ಅದು ಹರಿಯಕೂಡದು.

"ಮನೇಲಿರೋ ಚೀಲ ಸಾಲ್ದೇನ್ರಿ?" ಎಂದು ಗಿರಿಜ ಅಟ್ಟದ ಕಡೆ ಕೈ ತೋರಿಸಿದಳು.

ಅವಳು ಹೇಳುವುದರಲ್ಲೂ ನ್ಯಾಯವಿತ್ತು. ನಮ್ಮ ಸೀಮೆಯಲ್ಲಿ ಚೀಲವನ್ನು ಯಾರೂ ಕೊಳ್ಳುವುದಿಲ್ಲ, ಅದೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಪ್ರತಿ ಮದುವೆಯಲ್ಲೂ ಊಟ ಮಾಡಿ ಕೈ ತೊಳೆದುಕೊಂಡು ಹೊರಗೆ ಬಂದವರಿಗೆ ಒಂದು ತೆಂಗಿನಕಾಯಿ, ಎರಡು ವೀಳ್ಯದೆಲೆ ಹಾಕಿದ ತಾಂಬೂಲದ ಚೀಲ. ಅದರ ಮೇಲೆ ಗಂಡು ಹೆಣ್ಣಿನ ಹೆಸರು. ಕಾಯಿ ಸಾರಿಗೆ ಹೋಗುತ್ತದೆ, ಚೀಲ ಅಟ್ಟಕ್ಕೆ ಹೋಗುತ್ತದೆ. ನಮ್ಮ ಅಟ್ಟದ ಟ್ರಂಕು ತೆಗೆದರೆ ಮೂರು ತಾಲ್ಲೂಕಿನ ದಾಂಪತ್ಯಗಳು ಮಡಿಸಿಟ್ಟಂತೆ ಸಿಗುತ್ತವೆ. ಅವುಗಳಲ್ಲೊಂದು ನೀಲಿ ಚೀಲವನ್ನು ನಾನು ಈಗಲೂ ತರಕಾರಿಗೆ ಒಯ್ಯುತ್ತೇನೆ. ಆ ಗಂಡು ಹೆಣ್ಣು ಬೇರೆಯಾಗಿ ಎಷ್ಟೋ ಕಾಲವಾಯಿತು. ಚೀಲದ ಕಿವಿ ಮಾತ್ರ ಇನ್ನೂ ಗಟ್ಟಿ.

ಆದರೆ ತಾಂಬೂಲದ ಚೀಲ ಹಿಡಿದುಕೊಂಡು ಬಂಡೆ ಹತ್ತುವುದಕ್ಕೆ ಆಗುತ್ತದೆಯೇ?

ಗಟ್ಟಿಚೀಲ ಎಂದಾಗ ನನಗೆ ನೆನಪಾಗುವುದು ನನ್ನ ಸ್ಕೂಲ್ ಬ್ಯಾಗು. ಚೇಳೂರಿನ ಹತ್ತಿರ ನಮ್ಮೂರು. ಆಗ ಬ್ಯಾಗು ಕೊಡಿಸಿ ಎಂದು ಅತ್ತರೆ ಅಪ್ಪ ಯೂರಿಯಾ ಗೊಬ್ಬರದ ಖಾಲಿ ಚೀಲವನ್ನು ತೊಳೆದು, ಒಣಗಿಸಿ, ಚೇಳೂರಿನ ಟೈಲರ್ ಹತ್ತಿರ ಒಯ್ದರು. ಎರಡು ಪಟ್ಟಿ, ಒಂದು ಗುಂಡಿ, ಬ್ಯಾಗು ತಯಾರು. ಗೊಬ್ಬರದ ವಾಸನೆ ಮಾತ್ರ ನಾಲ್ಕನೆಯ ಕ್ಲಾಸಿನವರೆಗೂ ನನ್ನ ಜೊತೆಗೇ ಓದಿತು. ಬ್ಯಾಗಿನ ಬೆನ್ನಿಗೆ ಇಂಗ್ಲಿಷಿನಲ್ಲಿ ಏನೋ ಅಚ್ಚಾಗಿತ್ತು. ನನಗೆ ಅದೊಂದು ಹೆಮ್ಮೆ. ಒಂದು ದಿನ ಮೇಷ್ಟ್ರು ನನ್ನನ್ನು ತಿರುಗಿಸಿ ನಿಲ್ಲಿಸಿ ಓದಿದರು, "ಕೊಕ್ಕೆ ಹಾಕಿ ಎತ್ತಬೇಡಿ ಅಂತ ಬರ್ದದೆ ಕಣೋ. ನಿನ್ನ ಯಾರು ಎತ್ತುತಾರೆ?" ಆಮೇಲೆ ನಾನು ಗೋಡೆಗೆ ಬೆನ್ನು ಮಾಡಿಕೊಂಡೇ ನಿಲ್ಲುತ್ತಿದ್ದೆ.

ಆದರೂ ಆ ಬ್ಯಾಗು ನನಗೆ ಒಂದು ವಿದ್ಯೆ ಕಲಿಸಿತು. ಅದರ ಬಟ್ಟೆ ಕಡೆಯವರೆಗೂ ಹರಿಯಲಿಲ್ಲ. ಹರಿದದ್ದು ಪಟ್ಟಿ ಕೂಡಿದ ಜಾಗದ ಹೊಲಿಗೆ. ಆಗಿನಿಂದ ನನಗೆ ಗೊತ್ತು, ಚೀಲ ಕೈಕೊಡುವುದು ಬಟ್ಟೆಯಲ್ಲಲ್ಲ, ಕೂಡಿದ ಕಡೆ. ಸಂಸಾರದ ಬಗ್ಗೆಯೂ ಹೀಗೇ ಹೇಳಬಹುದು, ಆದರೆ ಗಿರಿಜ ಇದನ್ನು ಓದುತ್ತಾಳೆ.

ಈ ವಿದ್ಯೆಯನ್ನು ಬೆನ್ನಿಗೆ ಕಟ್ಟಿಕೊಂಡು ತುಮಕೂರಿನ ಪೇಟೆಯ ಒಂದು ಬ್ಯಾಗಿನ ಅಂಗಡಿಗೆ ಹೋದೆ. ಅಂಗಡಿಯವರು ನನ್ನ ವಯಸ್ಸಿನವರೇ, ಹಣೆಗೆ ಕುಂಕುಮ, ಬಾಯಲ್ಲಿ ಅಡಿಕೆ.

"ಬೆನ್ನಿಗೆ ಹಾಕೋ ಬ್ಯಾಗು ಬೇಕು. ಬೆಟ್ಟ ಹತ್ತೋಕೆ."

"ಎಷ್ಟು ಲೀಟರ್ ಬೇಕು ಸಾರ್?"

ಬ್ಯಾಗನ್ನು ಹಾಲಿನ ಹಾಗೆ ಲೀಟರಿನಲ್ಲಿ ಅಳೆಯುತ್ತಾರೆ ಎಂಬುದು ನನಗೆ ಹೊಸದು. ನಮ್ಮ ಕಡೆ ಚೀಲಕ್ಕೆ ಎಷ್ಟು ಕಾಯಿ ಹಿಡಿಯುತ್ತದೆ ಎಂದು ಕೇಳುವುದು ವಾಡಿಕೆ. ಆದರೂ ಗೊತ್ತಿರುವವನಂತೆ, "ಒಂದು ದಿನಕ್ಕೆ ಸಾಕಾಗುವಷ್ಟು," ಎಂದೆ.

ಅವರು ಒಂದು ದೊಡ್ಡ ಬ್ಯಾಗು ಇಳಿಸಿದರು. ಹೊರಗೆಲ್ಲ ಜೇಬು, ಜೇಬಿನ ಮೇಲೆ ಜೇಬು, ಜೋತಾಡುವ ದಾರಗಳು. ಫೋನ್ ಚಾರ್ಜ್ ಮಾಡುವ ವೈರ್ ತೂರಿಸುವುದಕ್ಕೂ ಒಂದು ತೂತು. ನೋಡುವುದಕ್ಕೆ ಸೊಗಸು. ಆದರೆ ಬಂಡೆ ಹತ್ತುವಾಗ ಜೋತಾಡುವುದೆಲ್ಲ ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ. ಅಗಲವಾದ ಚೀಲ ಅಕ್ಕಪಕ್ಕದ ಕಲ್ಲಿಗೆ ತಗುಲಿ ಮನುಷ್ಯನನ್ನೇ ತಳ್ಳುತ್ತದೆ. ದೊಡ್ಡ ಚೀಲಕ್ಕೆ ಇನ್ನೊಂದು ಗುಣವಿದೆ. ಖಾಲಿ ಜಾಗ ಕಂಡರೆ ನನ್ನಂಥವನು ಇನ್ನೊಂದು ಟಾರ್ಚು ಹಾಕುತ್ತಾನೆ. ಅದನ್ನು ಪಕ್ಕಕ್ಕಿಟ್ಟೆ. ಎರಡನೆಯದರ ಜಿಪ್ಪನ್ನು ಒಂದೇ ಕೈಯಲ್ಲಿ ಎಳೆದೆ, ಮೂಲೆಯಲ್ಲಿ ತಡೆಯಿತು. ಬಂಡೆಯ ಮೇಲೆ ಇನ್ನೊಂದು ಕೈ ಬಿಡುವಿರುವುದಿಲ್ಲ, ಅದೂ ಪಕ್ಕಕ್ಕೆ. ಮೂರನೆಯದರ ಒಳಗನ್ನು ಹೊರಗೆ ಮಾಡಿದೆ. ಹೊಲಿಗೆಯ ಅಂಚು ಹಾಗೇ ಬಿಟ್ಟಿದ್ದರು, ಪಟ್ಟಿ ಹೊಡೆದಿರಲಿಲ್ಲ, ನೂಲು ಈಗಲೇ ಎದ್ದಿತ್ತು. ನಾಲ್ಕನೆಯದರ ಹೆಗಲಪಟ್ಟಿ ಹಿಡಿದು, ಬ್ಯಾಗನ್ನು ಕಾಲಲ್ಲಿ ಅದುಮಿಕೊಂಡು, ಮೇಲಕ್ಕೆ ಜಗ್ಗಿದೆ.

ಅಂಗಡಿಯವರು ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಸಾರ್, ನೀವು ಬ್ಯಾಗು ತಗೊಳ್ಳೋಕೆ ಬಂದಿದೀರೋ, ರೇಡ್ ಮಾಡೋಕೆ ಬಂದಿದೀರೋ?"

"ಹರಿಯಲ್ಲ ಅಂತ ಗೊತ್ತಾಗ್ಬೇಕಲ್ಲ."

"ಹರಿಯೋದಾದ್ರೆ ಈಗ ನೀವು ಜಗ್ಗಿದ್ದಕ್ಕೇ ಹರೀಬೇಕಿತ್ತು. ಮೇಲಿದೆ ನೋಡಿ ಒಂದು, ಯಾರೂ ಮುಟ್ಟಿಲ್ಲ. ನಿಮಗಂತಲೇ ಉಳಿದಿರಂಗಿದೆ."

ಮೇಲಿನಿಂದ ಇಳಿದದ್ದು ಕತ್ತೆಬಣ್ಣದ ಚೀಲ. ಉದ್ದಕ್ಕೆ, ತೆಳ್ಳಗೆ, ಬೆನ್ನಿಗಿಂತ ಅಗಲವಿಲ್ಲ. ಜೇಬು ಹೆಚ್ಚಿಲ್ಲ. ದಪ್ಪ ಹಲ್ಲಿನ ಜಿಪ್ಪು ಸರಾಗವಾಗಿ ಸುತ್ತು ಬಂತು. ಕೂರುವ ಜಾಗಕ್ಕೆ, ಅಂದರೆ ಚೀಲ ಕೂರುವ ಜಾಗಕ್ಕೆ, ಎರಡು ಪದರ ಬಟ್ಟೆ. ಪಟ್ಟಿ ಕೂಡಿದ ಕಡೆಯೆಲ್ಲ ಚೌಕ ಹೊಲಿದು, ಚೌಕದೊಳಗೆ ಅಡ್ಡಡ್ಡ ಗೆರೆ ಎಳೆದು ಮತ್ತೆ ಹೊಲಿದಿದ್ದರು. ಎದೆಯ ಮೇಲೆ ಒಂದು ಸಣ್ಣ ಪಟ್ಟಿ, ಸೊಂಟಕ್ಕೊಂದು ಬೆಲ್ಟು. ಭಾರವೆಲ್ಲ ಹೆಗಲಿಗೇ ಬೀಳದೆ ಸೊಂಟಕ್ಕೂ ಇಳಿಯಲಿ ಎಂದು. ಬೆನ್ನಿಗೆ ತಾಗುವ ಕಡೆ ಮೆತ್ತೆ. ಇದಕ್ಕೆ ಕೆಂಪು ಚೀಟಿ ಅಂಟಿಸುವುದಕ್ಕೆ ನನಗೆ ಒಂದು ಜಾಗವೂ ಸಿಗಲಿಲ್ಲ. ಸ್ವಲ್ಪ ಬೇಸರವೇ ಆಯಿತು.

ಆದರೂ ಅಂಗಡಿಯಲ್ಲಿ ಪಾಸಾದದ್ದೆಲ್ಲ ಬದುಕಿನಲ್ಲಿ ಪಾಸಾಗಬೇಕೆಂದಿಲ್ಲ. ಹೊತ್ತು ನೋಡೋಣ ಎಂದು ಒಂದು ರಜೆಯ ದಿನ ಬರೀ ನೀರಿನ ಬಾಟಲಿ, ಒಂದು ಟವೆಲ್ಲು ಹಾಕಿಕೊಂಡು ಚೇಳೂರಿನ ಕಡೆ ನಮ್ಮ ಚಿಕ್ಕಮ್ಮನ ತೋಟಕ್ಕೆ ಹೋದೆ. ಗುಬ್ಬಿಯಲ್ಲಿ ಹತ್ತಿದ ಬಸ್ಸಿನಲ್ಲಿ ಕಂಡಕ್ಟರು, "ಬೆನ್ಮೇಲಿರೋದ್ನ ಕೆಳಕ್ಕಿಳ್ಸಿ ಸಾರ್, ಅದು ಒಬ್ರ ಜಾಗ ತಿಂತೈತೆ. ಅದಕ್ಕೂ ಟಿಕೆಟ್ ಹರೀಲಾ?" ಎಂದರು. ಇಳಿಸಿ ತೊಡೆಯ ಮೇಲೆ ಮಗುವಿನ ಹಾಗೆ ಕೂರಿಸಿಕೊಂಡೆ.

ಚಿಕ್ಕಮ್ಮ ನನ್ನನ್ನು ನೋಡುವುದಕ್ಕೆ ಮುಂಚೆ ಚೀಲವನ್ನು ನೋಡಿದಳು. ಮೆತ್ತೆಯನ್ನು ಹಿಸುಕಿದಳು. "ಏನ್ಲಾ ಇದು, ಎತ್ತಿನ ಬೆನ್ಮೇಲೆ ಹಾಕೋ ತಡಿ ಇದ್ದಂಗದೆ."

"ಬೆಟ್ಟ ಹತ್ತೋ ಬ್ಯಾಗು ಚಿಕ್ಕಮ್ಮ. ಹೊತ್ಕೊಂಡು ಅಭ್ಯಾಸ ಆಗ್ಲಿ ಅಂತ ತಂದೆ."

"ಖಾಲಿ ಹೊತ್ಕೊಂಡು ಎಂಥ ಅಭ್ಯಾಸ?" ಎಂದವಳೇ ಹಿತ್ತಲಿಗೆ ಹೋದಳು.

ತೆಂಗಿನ ಸೀಮೆಯ ಮನೆಗೆ ಬಂದವರ ಚೀಲ ಖಾಲಿ ಹಿಂದಕ್ಕೆ ಹೋಗುವಂತಿಲ್ಲ. ಹೋದರೆ ಅವಮಾನ ಬಂದವರಿಗಲ್ಲ, ಮನೆಗೆ. ಬೇಡ ಎನ್ನುವುದು ಬಂದವರ ಧರ್ಮ, ಕೇಳಿಸಿಕೊಳ್ಳದಿರುವುದು ಮನೆಯವರ ಧರ್ಮ. ನಾನು ಬೇಡ ಎನ್ನುತ್ತಿರುವಂತೆಯೇ ನನ್ನ ತೆಳ್ಳನೆಯ ಚೀಲಕ್ಕೆ ಜುಟ್ಟಿನ ಕಾಯಿಗಳು ಒಂದೊಂದಾಗಿ ಇಳಿದವು. ಇನ್ನು ಹಿಡಿಯುವುದಿಲ್ಲ ಎಂದಾಗ ಚಿಕ್ಕಮ್ಮ ಮಂಡಿಯಲ್ಲಿ ಒತ್ತಿ ಇನ್ನೊಂದು ತುರುಕಿ, ಜಿಪ್ಪು ಎಳೆದಳು. ಜಿಪ್ಪು ಕಿತ್ತುಹೋಗುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅದು ಸುಮ್ಮನೆ ಮುಚ್ಚಿಕೊಂಡಿತು. ಚಿಕ್ಕಮ್ಮ ಚೀಲವನ್ನು ಎತ್ತಿ ನೋಡಿ, "ಪರವಾಗಿಲ್ಲ, ಹಿಡಿಯೋ ಚೀಲ," ಎಂದಳು.

ಆ ಕಾಯಿಗಳ ಸಮೇತ ಚೀಲವನ್ನು ಮನೆಯ ಗೋಡೆಯ ಕೊಕ್ಕೆಗೆ ನೇತುಹಾಕಿದೆ. ನಮ್ಮ ಕಾರ್ಖಾನೆಯ ಪದ್ಧತಿ ಅದು, ಭಾರ ಹಾಕಿ ಬಿಡುವುದು, ಎಲ್ಲಿ ಮೊದಲು ಸೋಲುತ್ತದೆ ಎಂದು ಕಾಯುವುದು. ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ ದಡಾರೆಂದು ಸದ್ದಾಯಿತು. ಓಡಿ ಬಂದು ನೋಡಿದರೆ ಕೊಕ್ಕೆ, ಕೊಕ್ಕೆಯ ಹಿಂದಿನ ಮರದ ಬಿರಡೆ, ಅದರ ಹಿಂದೆ ಒಂದು ಅಂಗೈಯಗಲ ಗಾರೆ, ಎಲ್ಲ ನೆಲದಲ್ಲಿ. ನಡುವೆ ಚೀಲ, ಒಂದು ನೂಲೂ ಏಳದೆ.

ಗಿರಿಜ ಸೌಟು ಹಿಡಿದುಕೊಂಡೇ ಬಂದು ನೋಡಿದಳು. "ಬ್ಯಾಗು ಪಾಸು, ಗೋಡೆ ಫೇಲು. ಈಗ ಚೀಟಿ ಎಲ್ಲಿಗೆ ಅಂಟಿಸ್ತೀರ?"

ನನಗೆ ಮಾತ್ರ ಅಷ್ಟು ಹಗುರವಾದ ಬೆಳಗು ಬಹಳ ಕಾಲದಿಂದ ಬಂದಿರಲಿಲ್ಲ. ಈ ಚೀಲ ಹರಿಯುವುದಿಲ್ಲ ಎಂಬುದು ಇನ್ನು ನಂಬಿಕೆಯಲ್ಲ, ಜ್ಞಾನ.

ನನ್ನ ವಾರದ ರಜೆ ಬರುವ ಗುರುವಾರ ಮೊದಲ ಬಸ್ಸಿಗೇ ಕುಣಿಗಲ್ಲಿಗೆ ಹೋದೆ. ಚೀಲದಲ್ಲಿ ನೀರು, ಚಿತ್ರಾನ್ನ, ಗ್ಲೂಕೋಸು, ಸೊಂಟಕ್ಕೆ ಸುತ್ತುವ ಪಟ್ಟಿ, ಪ್ಲಾಸ್ಟಿಕ್ ಹಾಳೆ, ಟಾರ್ಚು, ಹಗ್ಗ, ಒಂದು ಸೀಟಿ. ಸೀಟಿ ಯಾಕೆ ಎಂದು ನೀವು ಕೇಳಬಾರದು, ನಾನು ಚಿರತೆ ಎನ್ನಬಾರದು. ಇಷ್ಟಾದರೂ ಚೀಲ ಹಗುರವಾಗಿಯೇ ಇತ್ತು. ಅಕ್ಕನ ಮನೆಯ ಬಾಗಿಲಲ್ಲಿ ಮಂಜು ನಿಂತಿದ್ದ.

"ಮಾವ, ಅಮ್ಮನ ಕೈಗೆ ಏನೂ ಕೊಡ್ಬೇಡಿ. ಒಂದು ಬಾಟ್ಲಿನೂ ಕೊಡ್ಬೇಡಿ. ನೀವೇ ಹೊತ್ಕೊಳ್ಳಿ."

"ಅದಕ್ಕೇ ಕಣಪ್ಪ ಈ ಬ್ಯಾಗು ತಂದಿರೋದು."

ಅವನು ಚೀಲವನ್ನು ಹಿಡಿದು ಜಗ್ಗಿ ನೋಡಿದ. ಇವನು ನಮ್ಮ ಕುಲದವನೇ ಎಂದು ನನಗೆ ಸಂತೋಷವಾಯಿತು. ಆಮೇಲೆ, "ಮೇಲೆ ದೇವ್ರಿಗೆ ಒಡೀರಿ," ಎಂದು ಎರಡು ಕಾಯಿ ತಂದು ಒಳಗಿಟ್ಟ. ಮೇಲೆ ದೇವರಿದ್ದಾನೋ ಇಲ್ಲವೋ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಅಕ್ಕ, "ದಾರೀಲಿ ಯಾರಾದ್ರೂ ಸಿಕ್ರೆ ಬರಿಗೈಲಿ ಮಾತಾಡ್ಸಕಾಗುತ್ತಾ?" ಎಂದು ಇನ್ನೊಂದೆರಡು ಹಾಕಿದಳು. ಅಂಗಡಿಯಲ್ಲಿ ಬ್ಯಾಗುಗಳನ್ನು ಒಂದೊಂದಾಗಿ ತಳ್ಳಿದ ಗಂಡಸು ನಾನು, ಮನೆಬಾಗಿಲಲ್ಲಿ ಒಂದು ಕಾಯಿಗೂ ಬೇಡ ಎನ್ನಲಾರದೆ ಹೋದೆ.

ಹುಲಿಯೂರುದುರ್ಗದಲ್ಲಿ ಇಳಿದು ತಲೆಯೆತ್ತಿದರೆ ಬೆಟ್ಟ ಅಕ್ಕ ಹೇಳಿದ ಹಾಗೇ ಇತ್ತು, ಬೋರಲು ಗುಡಾಣ. ಬುಡದಲ್ಲಿ ಪೊದೆಗಳ ನಡುವೆ ಕಾಲುದಾರಿ, ಅಲ್ಲಲ್ಲಿ ಹಳೆಯ ಕೋಟೆಯ ಗೋಡೆ. ಅಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಮಂಜುವಿನ ಹಳೆಯ ಕ್ಯಾನ್‌ವಾಸ್ ಶೂ ಹಾಕಿದ್ದಳು. ಮೊದಲು ಸ್ವಲ್ಪ ಎಡಕ್ಕೆ ವಾಲಿಕೊಂಡು ನಡೆದವಳು ಬರಬರುತ್ತ ನೆಟ್ಟಗಾದಳು. ನಾನು ಹಿಂದೆ. ಪ್ರತಿ ತಿರುವಿಗೂ "ನೋವದ್ಯಾ?" ಎಂದು ಕೇಳುತ್ತಿದ್ದೆ. ಕಡೆಗೆ ಅವಳು, "ನೀನು ಇನ್ನೊಂದ್ಸಲ ಕೇಳಿದ್ರೆ ಇಲ್ದಿರೋ ನೋವೂ ಬರ್ತದೆ," ಎಂದಳು.

ಆಮೇಲೆ ಬರಿಯ ಬಂಡೆ ಬಂತು. ಕಾಲಿಡುವುದಕ್ಕೆ ಮಾತ್ರ ಯಾರೋ ಎಂದೋ ಕೊರೆದ ಸಣ್ಣ ಗುಳಿಗಳು, ಉಳಿದದ್ದೆಲ್ಲ ನುಣ್ಣಗೆ. ಕೈಯೂರಿ ಹತ್ತಬೇಕು. ನಾನು ಒಂದು ಕಾಲಿಟ್ಟು ಬಾಗಿದೆ. ಬೆನ್ನ ಮೇಲಿನ ಚೀಲ ನನ್ನನ್ನು ಹಿಂದಕ್ಕೆ ಎಳೆಯಿತು. ಚೀಲದ ತಪ್ಪಲ್ಲ ಅದು. ಕಾಯಿಗಳನ್ನು ಕಡೆಗೆ ತುರುಕಿದ್ದರಿಂದ ಅವು ಬೆನ್ನಿಗೆ ದೂರವಾಗಿ, ಹೊರಗಡೆ, ಮೇಲೆ ಕೂತಿದ್ದವು. ಭಾರ ಬೆನ್ನಿಗೆ ಅಂಟಿಕೊಂಡಿರಬೇಕು ಎಂಬುದು ಗೊತ್ತಿದ್ದೂ, ಜನರ ಮುಂದೆ ಕಾಯಿ ತೆಗೆದು ಜೋಡಿಸಿದರೆ ಬೇಡವೆಂದಂತೆ ಕಾಣುತ್ತದೆ ಎಂದು ಸುಮ್ಮನಿದ್ದೆ. ಇನ್ನೊಂದು ಹೆಜ್ಜೆ ಇಟ್ಟೆ. ಮತ್ತೆ ಎಳೆಯಿತು. ಕೆಳಗಿಳಿದು ಕೂತೆ.

"ಅಕ್ಕ, ಇಲ್ಲಿಗೇ ಸಾಕು ಅನ್ಸುತ್ತೆ. ಇಲ್ಲಿಂದ್ಲೂ ಚೆನ್ನಾಗಿ ಕಾಣ್ಸುತ್ತೆ."

ಅಕ್ಕ ನನ್ನನ್ನು ನೋಡಿದಳು, ಬಂಡೆಯನ್ನು ನೋಡಿದಳು. "ಕೊಡಿಲ್ಲಿ ಚೀಲ."

"ಆಗಲ್ಲ ಅಕ್ಕ. ಮಂಜುಗೆ ಮಾತು ಕೊಟ್ಟಿದೀನಿ."

ಅವಳು ನನ್ನ ಪಕ್ಕದಲ್ಲಿ ಕೂತಳು. ಆಮೇಲೆ ತನ್ನ ಅಂಗೈ ನೋಡಿಕೊಳ್ಳುತ್ತ, "ಎರಡು ವರ್ಷದಿಂದ ನನ್ನ ಕೈಗೆ ಒಂದು ಚೊಂಬು ನೀರೂ ಕೊಟ್ಟಿಲ್ಲ ಕಣೋ ಅವ್ನು," ಎಂದಳು. "ಅವ್ನ ತಪ್ಪಲ್ಲ, ಹೆದ್ರಿಕೆ. ಆದ್ರೆ ಕೈ ಖಾಲಿ ಇಟ್ಕೊಂಡು ಹೆಂಗೆ ನಡೀಬೇಕು ಅಂತ್ಲೇ ನಂಗೆ ಗೊತ್ತಾಗಲ್ಲ. ಬೀದೀಲಿ ಹೋಗ್ತಾ ಇದ್ರೆ ಏನೋ ಮರ್ತು ಬಂದಂಗೆ ಇರ್ತದೆ. ಇವತ್ತು ಬರಿಗೈಲಿ ಮೇಲೆ ಹತ್ತಿಸ್ಕೊಂಡು ಇಳಿಸ್ಕೊಂಡು ಬಂದ್ರೆ ಅವ್ನೇನಂತಾನೆ? ಮಾವ ಕರ್ಕೊಂಡೋಗಿ ಬಂದ್ರು ಅಂತಾನೆ. ನಾನು ಹೋಗ್ಬಂದೆ ಅಂತ ಅನ್ನಲ್ಲ."

ಸಣ್ಣವನಿದ್ದಾಗ ಚೇಳೂರಿನ ಸ್ಕೂಲಿಗೆ ನಡೆದುಕೊಂಡು ಹೋಗುವಾಗ ನನಗೆ ಸುಸ್ತಾಗುತ್ತಿತ್ತು. ನನ್ನ ಗೊಬ್ಬರದ ಬ್ಯಾಗನ್ನೂ ತನ್ನ ಪುಸ್ತಕವನ್ನೂ ಇವಳೇ ಹೊರುತ್ತಿದ್ದಳು. ಆಗ ನಾನು ಕೊಡುವುದಿಲ್ಲ ಎಂದು ಒಂದು ದಿನವೂ ಅಂದವನಲ್ಲ.

ಸುಮ್ಮನೆ ಚೀಲ ಬಿಚ್ಚಿದೆ. ಎಲ್ಲವನ್ನೂ ಹೊರಗೆ ಸುರಿದು, ಕಾಯಿಗಳನ್ನು ಬೆನ್ನಿನ ಕಡೆಯ ಮೆತ್ತೆಗೆ ಒತ್ತಿ, ನಡುಮಟ್ಟದಲ್ಲಿ ಕೂರಿಸಿ, ಮೇಲೆ ಉಳಿದದ್ದು ಹಾಕಿದೆ. "ಕಾಯಿ ಇಲ್ಲೇ ಬಿಟ್ಟು ಹೋಗೋಣ್ವಾ?" ಎಂದು ಕೇಳಿ, ಅವಳ ಮುಖ ನೋಡಿ, ಬಾಯಿ ಮುಚ್ಚಿಕೊಂಡೆ. ಹೆಗಲಪಟ್ಟಿಗಳನ್ನು ಅವಳ ಅಳತೆಗೆ ಬಿಗಿ ಮಾಡಿದೆ. ಎದೆಪಟ್ಟಿ ಹಾಕಿದೆ. ಸೊಂಟದ ಬೆಲ್ಟಿಗೆ ಬಂದಾಗ ನನ್ನ ಬೆರಳು ನಿಂತಿತು.

"ಹಾಕು. ಸರಳು ಇರೋದು ಒಳಗೆ, ಬೆಲ್ಟು ಹೊರಗೆ," ಎಂದಳು.

ಹಾಕಿದೆ. ಅವಳು ಎದ್ದು ನಿಂತು ಒಂದು ಸಲ ಮೈ ಕುಲುಕಿದಳು, ಬಿಂದಿಗೆ ಸೊಂಟಕ್ಕೆ ಕೂರಿಸಿಕೊಳ್ಳುವವರ ಹಾಗೆ. ಆಮೇಲೆ ಬಂಡೆಗೆ ಕೈಯೂರಿ ಮೊದಲ ಗುಳಿಗೆ ಕಾಲಿಟ್ಟಳು.

ನಾನ್ಯಾವ ಕಾರ್ಖಾನೆಯಲ್ಲೂ ಇಂಥ ಪರೀಕ್ಷೆ ನೋಡಿಲ್ಲ. ಪ್ರತಿ ಹೆಜ್ಜೆಗೂ ಚೌಕದ ಹೊಲಿಗೆ, ಜಿಪ್ಪಿನ ಹಲ್ಲು, ಕೂಡಿದ ಮೂಳೆ, ಎಲ್ಲ ಒಟ್ಟಿಗೇ ನನ್ನ ಕಣ್ಣ ಮುಂದೆ. ಚೀಲ ಅವಳ ಬೆನ್ನಿಗೆ ಅಂಟಿಕೊಂಡು, ಅಲುಗದೆ, ಅವಳ ಜೊತೆಗೇ ಮೇಲಕ್ಕೆ ಹೋಯಿತು. ನಾನು ಏನೂ ಹೊರದೆ, ಬಂಡೆಗೆ ಎರಡು ಕೈಯೂ ಊರಿಕೊಂಡು, ಹಿಂದೆ ಹತ್ತಿದೆ. ಒಂದು ಕಡೆ ಅಕ್ಕ ತಿರುಗಿ, "ನೋವದ್ಯಾ?" ಎಂದು ನನ್ನನ್ನು ಕೇಳಿದಳು.

ಮೇಲೆ ಗಾಳಿಯಿತ್ತು. ಸುತ್ತ ತೆಂಗಿನ ತೋಟಗಳು, ಬಿಸಿಲಿಗೆ ಹೊಳೆಯುವ ಕೆರೆಗಳು, ಇರುವೆಯಂಥ ಬಸ್ಸುಗಳು. ಇಷ್ಟು ಕಾಲ ಅಂಥ ಬಸ್ಸಿನ ಕಿಟಕಿಯಿಂದ ಈ ಬೆಟ್ಟ ನೋಡಿದವಳು ಈಗ ಬೆಟ್ಟದಿಂದ ಬಸ್ಸು ನೋಡುತ್ತಿದ್ದಳು. ಒಂದು ಕಾಯಿಯನ್ನು ಕಲ್ಲಿಗೆ ಒಡೆದು, ದೇವರು ಎಲ್ಲಿದ್ದರೂ ಸಲ್ಲಲಿ ಎಂದು ಗಾಳಿಗೆ ತೋರಿಸಿ, ಚಿತ್ರಾನ್ನಕ್ಕೆ ನೆಂಚಿಕೊಂಡು ತಿಂದೆವು. ಆಮೇಲೆ ಅಕ್ಕ ಮಗನಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು.

"ಮೇಲೆ ಬಂದೆ ಕಣಪ್ಪ. ಬ್ಯಾಗು ನಾನೇ ಹೊತ್ಕೊಂಡು ಬಂದೆ."

ಮಂಜು ಕೇಳಿದ್ದು ಒಂದೇ ಮಾತು. "ಮಾವ ಏನ್ಮಾಡ್ತಾವ್ರೆ?"

"ಕೂತವ್ನೆ. ಸುಸ್ತಾಗದೆ ಅವ್ನಿಗೆ."

ಇಳಿಯುವಾಗಲೂ ಚೀಲ ಅವಳದೇ. ಇಳಿಜಾರಿನಲ್ಲಿ ಕೂತು ಕೂತು ಜಾರುವಾಗ ಚೀಲದ ತಳ ಬಂಡೆಗೆ ಉಜ್ಜಿತು. ಎರಡು ಪದರದ ಬಟ್ಟೆ ಅದಕ್ಕೇ ಇರುವುದು, ಏನೂ ಆಗಲಿಲ್ಲ. ಕುಣಿಗಲ್ಲಿಗೆ ಬಂದಿಳಿಯುವುದಕ್ಕೂ ತುಮಕೂರಿನ ಬಸ್ಸು ಹೊರಡುವುದಕ್ಕೂ ಸರಿಹೋಯಿತು. "ಹತ್ತು ಹತ್ತು, ಇದು ಬಿಟ್ರೆ ನಿಂಗೆ ಇನ್ನೊಂದು ಚಿಂತೆ," ಎಂದು ಅಕ್ಕ ನನ್ನನ್ನು ಬಾಗಿಲಿಗೆ ತಳ್ಳಿದಳು. ಕಿಟಕಿಯಿಂದ ಬಗ್ಗಿ ನೋಡಿದೆ. ಕರೆದುಕೊಂಡು ಹೋಗಲು ಬೈಕು ತಂದಿದ್ದ ಮಂಜುವಿಗೆ ಅವಳು ಏನೋ ಹೇಳಿದಳು. ಅವನು ಬೈಕನ್ನು ತಳ್ಳಿಕೊಂಡು ಅವಳ ಪಕ್ಕದಲ್ಲಿ ನಡೆದ. ಅವಳು ಕತ್ತೆಬಣ್ಣದ ಚೀಲ ಹೊತ್ತು, ಎರಡು ಪಟ್ಟಿಗೂ ಹೆಬ್ಬೆರಳು ಸಿಕ್ಕಿಸಿಕೊಂಡು, ಬಸ್‌ಸ್ಟ್ಯಾಂಡು ದಾಟಿ ಹೋದಳು. ಚೀಲ ನನ್ನದು ಎಂದು ಕೂಗಬಹುದಿತ್ತು. ಕೂಗಬೇಕು ಅನ್ನಿಸಲಿಲ್ಲ.

ಮನೆಗೆ ಬಂದು ಬಾಗಿಲ ಮುಂದೆ ನಿಂತು ಜೇಬಿಗೆ ಕೈ ಹಾಕಿದೆ. ಈ ಜೇಬು, ಆ ಜೇಬು, ಅಂಗಿಯ ಜೇಬು. ಬಂಡೆ ಹತ್ತುವಾಗ ಬಿದ್ದುಹೋದೀತೆಂದು ಮನೆಯ ಬೀಗದ ಕೈಯನ್ನು ಬೆಳಿಗ್ಗೆಯೇ ಚೀಲದ ಒಳಜೇಬಿಗೆ, ಅತ್ಯಂತ ಭದ್ರವಾದ ಜಾಗಕ್ಕೆ, ಹಾಕಿದ್ದೆ. ಅಲ್ಲೇ ಇತ್ತು, ಭದ್ರವಾಗಿ, ಕುಣಿಗಲ್ಲಿನಲ್ಲಿ.

ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಫೋನ್ ಮಾಡಿದೆ.

"ಅದಕ್ಯಾಕೆ ಹಂಗೆ ಉಸಿರು ಕಟ್ಟಿದಂಗೆ ಮಾತಾಡ್ತೀಯ?" ಎಂದಳು. "ಮಂಜು ಈಗ್ಲೇ ಬೈಕಲ್ಲಿ ಹೋಗ್ಬರ್ತೀನಿ ಅಂತವ್ನೆ. ನಾನೇ ಬೇಡ ಅಂದೆ. ನನ್ನ ಬೆನ್ಮೇಲೆ ಬಂದಿದ್ದು, ನಾನೇ ತಂದ್ಕೊಡ್ತೀನಿ. ಇವತ್ತೊಂದಿನ ಎಲ್ಲಾದ್ರೂ ಇದ್ಕೊ. ಬೆಳಿಗ್ಗೆ ಬಸ್ಸಿಗೆ ಬರ್ತೀನಿ."

"ಮಂಜು ಏನಂದ?"

"ಏನಂತಾನೆ. ಕಿಟಕಿ ಪಕ್ಕ ಕೂತ್ಕೊ ಅಂದ."

ಗಿರಿಜಳ ಬ್ಯಾಗಿನಲ್ಲಿ ಇನ್ನೊಂದು ಬೀಗದ ಕೈ ಯಾವಾಗಲೂ ಇರುತ್ತದೆ. ಅವಳ ರೈಲು ಅಷ್ಟು ಹೊತ್ತಿಗೆ ಗುಬ್ಬಿ ಬಿಟ್ಟಿರಬೇಕು. ಅಕ್ಕನಿಗೆ ಅದನ್ನು ಹೇಳಲೆಂದೇ ಬಾಯಿ ತೆರೆದೆ.

"ಬಾ ಅಕ್ಕ," ಎಂದೆ. "ಅಲ್ಲಿವರ್ಗೂ ನಾನು ಹೆಂಗೋ ಇರ್ತೀನಿ."